ಮೂರು ಸಲ ಹೇಳಬೇಕಾದ ಹೆಸರು

ಮೊನ್ನೆ ಬೀರುವಿನ ಅಡಿಯ ಖಾನೆಯಲ್ಲಿ ಏನನ್ನೋ ಹುಡುಕುತ್ತಿದ್ದಾಗ ಹಳೆಯ ಬ್ಯಾಡ್ಜೊಂದು ಕೈಗೆ ಸಿಕ್ಕಿತು. ಬಿಳಿ ಪ್ಲಾಸ್ಟಿಕ್ಕು, ತುಕ್ಕು ಹಿಡಿದ ಪಿನ್ನು. ಅದರ ಮೇಲೆ ಕಪ್ಪಕ್ಷರದಲ್ಲಿ ‘ಸೌಮ್ಯ 4’ ಎಂದು ಬರೆದಿದೆ. ಈ ನಾಲ್ಕು ನನ್ನ ರ‍್ಯಾಂಕು ಎಂದು ನೀವು ತಿಳಿದುಕೊಂಡರೆ ನನಗೇನೂ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ಬಿಡದಿಯ ಕಡೆ ಆಗ ಸಾಲುಸಾಲಾಗಿ ಎದ್ದ ಕಾರ್ಖಾನೆಗಳ ಪೈಕಿ ಒಂದರಲ್ಲಿ ನಾನು ಕಾರಿನ ತಂತಿ ಜೋಡಿಸುವ ಕೆಲಸಕ್ಕೆ ಸೇರಿದಾಗ, ನನ್ನ ಸಾಲಿನಲ್ಲಿ ಆಗಲೇ ಮೂವರು ಸೌಮ್ಯರಿದ್ದರು. ಚನ್ನಪಟ್ಟಣದವಳು ಒಂದು, ಮಾಗಡಿಯವಳು ಎರಡು, ಕನಕಪುರದವಳು ಮೂರು. ಅಕ್ಕೂರಿನಿಂದ ಹೋದ ನಾನು ನಾಲ್ಕು.

ನನಗೆ ಇದೇನೂ ಹೊಸದಾಗಿರಲಿಲ್ಲ. ಪ್ರೈಮರಿ ಸ್ಕೂಲಿನಲ್ಲಿ ಉದ್ದ ಸೌಮ್ಯ, ಕುಳ್ಳ ಸೌಮ್ಯ, ಕನ್ನಡಕದ ಸೌಮ್ಯ ಎಂದು ಮೂರು ಜನ ಇದ್ದೆವು. ನಾನು ಕುಳ್ಳಿ. ಒಂದು ಸಲ ಅವ್ವನನ್ನು ಕೇಳಿದೆ: “ಅವ್ವಾ, ನಂಗ್ಯಾಕೆ ಈ ಹೆಸ್ರಿಟ್ರಿ?” ಅವ್ವ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ತಲೆಯೆತ್ತದೆ ಹೇಳಿದಳು: “ಆ ವರ್ಸ ಎಲ್ರೂ ಅದ್ನೇ ಇಡ್ತಿದ್ರು ಕಣಮ್ಮಿ.” ನನ್ನ ಹೆಸರಿನ ಚರಿತ್ರೆ ಅಷ್ಟೇ. ಸೌಮ್ಯ ಎಂದರೆ ಶಾಂತ ಸ್ವಭಾವದವಳು ಎಂದು ಆಮೇಲೆ ಮೇಷ್ಟ್ರು ಹೇಳಿದರು. ಇನ್ನು ಮುಂದಿನದನ್ನು ಓದಿದ ಮೇಲೆ ಆ ಅರ್ಥ ನನಗೆ ಎಷ್ಟು ಒಪ್ಪುತ್ತದೆ ಎಂದು ನೀವೇ ತೀರ್ಮಾನಿಸಿ.

ಯಾಕೆಂದರೆ ನಾನು ಹೇಳಹೊರಟಿರುವುದು ಹೊಟ್ಟೆಕಿಚ್ಚಿನ ಕಥೆ. ಅದೂ ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಮೇಲಿನ ಹೊಟ್ಟೆಕಿಚ್ಚು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪ ಮತ್ತು ಚಿಕ್ಕಪ್ಪ ಮೊದಲ ಸಲ ಬಿಳಿ ಗೂಡಿನ ಬೆಳೆ ಮಾಡಲು ಹೊರಟರು. ನಮ್ಮ ಕಡೆ ಅಲ್ಲಿಯವರೆಗೆ ಎಲ್ಲರದೂ ಹಳದಿ ಗೂಡು. ಬಿಳಿ ಗೂಡಿನ ರೇಷ್ಮೆಹುಳು ಬಲು ನಾಜೂಕು. ಸೆಕೆಯಾದರೂ ಸಾಯುತ್ತದೆ, ಸೊಪ್ಪು ಒಸಿ ಬಾಡಿದ್ದರೂ ಸಾಯುತ್ತದೆ. ಹಾಗಾಗಿ ಹುಳದ ಮನೆ ನೋಡಲು ಜಪಾನಿನಿಂದ ಬಂದಿದ್ದ ಒಬ್ಬ ಹೆಂಗಸನ್ನು ರೇಷ್ಮೆ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಕರೆತಂದರು. ಐವತ್ತು ದಾಟಿದ ವಯಸ್ಸು, ತಲೆಗೆ ಬಟ್ಟೆಯ ಟೋಪಿ, ಕೊರಳಿಗೆ ದಾರದಲ್ಲಿ ಕಟ್ಟಿದ ಪೆನ್ನು. ಊರಿನವರೆಲ್ಲ ಬಾಗಿಲ ಹೊರಗೇ ನಿಂತರು. ನಮ್ಮ ಹುಳದ ಮನೆಗೆ ಹೊರಗಿನವರು ಬರುವಂತಿಲ್ಲ. ದೃಷ್ಟಿಯಾಗುತ್ತದೆ ಎಂದು ಅಜ್ಜಿ, ರೋಗ ಬರುತ್ತದೆ ಎಂದು ಸಾಹೇಬರು. ಆಯಮ್ಮ ಮಾತ್ರ ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟು, ಬಾಗಿಲಲ್ಲಿದ್ದ ಬ್ಲೀಚಿಂಗ್ ಪೌಡರಿನ ತಟ್ಟೆಯಲ್ಲಿ ಕಾಲಿಟ್ಟು, ಹೊಸಿಲಿಗೆ ತಲೆಬಾಗಿ ಒಳಗೆ ಹೋದರು. “ನಮ್ಮೋಳೇ ಕಣ್ರೋ ಇವ್ಳು!” ಅಂದಳು ಅಜ್ಜಿ.

ಅವರು ಆ ಬೆಳೆಯಲ್ಲಿ ಮೂರು ಸಲ ಬಂದರು. ಮೂರು ಸಲವೂ ನಾನು ಶಾಲೆ ತಪ್ಪಿಸಿದೆ. ಅವರ ಛತ್ರಿ ಹಿಡಿದವಳು ನಾನು, ಕೈ ತೊಳೆಯಲು ನೀರು ಹಾಕಿದವಳು ನಾನು, ಅವರ ಟೋಪಿ ಹಾರಿ ಹೋಗಿ ಗೊಬ್ಬರದ ಗುಂಡಿಗೆ ಬಿದ್ದಾಗ ಇಳಿದು ತಂದವಳೂ ನಾನೇ. ಇದನ್ನೆಲ್ಲ ಯಾಕೆ ಪಟ್ಟಿ ಮಾಡುತ್ತಿದ್ದೇನೆಂದರೆ, ಆಮೇಲೆ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರನೆಯ ಸಲ ಬಂದಾಗ ಗೂಡು ಬಿಡಿಸುವ ಕೆಲಸ ನಡೆದಿತ್ತು. ಮನೆಯವರೆಲ್ಲ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಮುಂದಿಟ್ಟುಕೊಂಡು ಕೂತಿದ್ದರು. ಆಯಮ್ಮ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸಾಹೇಬರ ಮೂಲಕ ನನ್ನ ಹೆಸರು ಕೇಳಿದರು. ಹೇಳಿದೆ. ತಮ್ಮ ಎದೆಯ ಮೇಲೆ ಬೆರಳಿಟ್ಟು “ಮಯುಮಿ” ಅಂದರು. ಆಮೇಲೆ ಒಂದು ಬಿಳಿ ಗೂಡನ್ನು ಎತ್ತಿ ಹಿಡಿದು, “ಮಯು” ಅಂದರು. ಎಳನೀರು ಕುಡಿಯುತ್ತಿದ್ದ ಸಾಹೇಬರು ಬಾಯಿ ಒರೆಸಿಕೊಂಡು, “ಅವರ ಭಾಷೇಲಿ ಮಯು ಅಂದ್ರೆ ರೇಷ್ಮೆ ಗೂಡಂತಮ್ಮ. ಮಯುಮಿ ಅಂದ್ರೆ ಚೆಂದದ ಗೂಡು ಅಂತೆ. ಅವರ ಅಪ್ಪ ಅಮ್ಮನೂ ಹುಳ ಸಾಕ್ತಿದ್ರಂತೆ” ಅಂದರು. ಗೂಡಿನ ಗಡಿಬಿಡಿಯಲ್ಲಿ ಇದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಆ ಗೂಡನ್ನು ಅವರು ನನ್ನ ಅಂಗೈಯಲ್ಲಿಟ್ಟು ಹೋದರು.

ನನಗೆ ಹುಚ್ಚು ಹಿಡಿಯಿತು. ಹುಳ ಸಾಕುವವರ ಮಗಳಿಗೆ ಗೂಡು ಎಂಬ ಹೆಸರು! ನಾನೂ ಹುಳ ಸಾಕುವವರ ಮಗಳೇ ಅಲ್ಲವೇ? ಮರುದಿನವೇ ನೋಟ್‌ಬುಕ್ಕಿನ ಮೇಲಿದ್ದ ಸೌಮ್ಯಳನ್ನು ಬ್ಲೇಡಿನಿಂದ ಕೆರೆದು ‘ಮಯುಮಿ, ನಾಲ್ಕನೇ ತರಗತಿ’ ಎಂದು ಬರೆದೆ. ಸ್ಕೂಲಿನಲ್ಲೂ ಹೆಸರು ಬದಲಾಯಿಸಿಕೊಡು ಎಂದು ಅಪ್ಪನ ಬೆನ್ನು ಬಿದ್ದೆ. ಅಪ್ಪ “ಆಗ್ಲಿ ತಗೊ, ನೋಡಾನ” ಅಂದ. ನಮ್ಮ ಕಡೆ ಗಂಡಸರು ‘ನೋಡಾನ’ ಅಂದರೆ ಅದು ಆಗುವುದಿಲ್ಲ ಎಂದರ್ಥ ಎಂಬುದು ಒಂಬತ್ತು ವರ್ಷದವಳಿಗೆ ಹೇಗೆ ಗೊತ್ತಾಗಬೇಕು? ನಾನು ದಿನವಿಡೀ ಮನೆ ತುಂಬ ಆ ಹೆಸರನ್ನೇ ಹಾಡಿಕೊಂಡು ತಿರುಗಿದೆ. ತುಂಬು ಬಸುರಿಯಾಗಿದ್ದ ಚಿಕ್ಕವ್ವ ಗೋಡೆಗೆ ಒರಗಿ ಕೂತು ನಗುನಗುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ನಮ್ಮ ಬಿಳಿ ಗೂಡಿನ ಬೆಳೆ ರಾಮನಗರದ ಮಾರ್ಕೆಟ್ಟಿನಲ್ಲಿ ಹೆಸರು ಮಾಡಿತು. ಅದೇ ತಿಂಗಳು ಚಿಕ್ಕವ್ವ ತವರಾದ ಗುಡೇಮಾರನಹಳ್ಳಿಯಲ್ಲಿ ಹೆಣ್ಣು ಹೆತ್ತಳು. ಸುದ್ದಿ ಬಂದಾಗ ಚಿಕ್ಕಪ್ಪ ಅಂಗಳದಲ್ಲಿ ನಿಂತು, “ಆಯಮ್ಮ ಬಂದಿದ್ ಗಳಿಗೆ, ನಮ್ಗೆ ಬೆಳೆನೂ ಆಯ್ತು, ಲಕ್ಷ್ಮಿನೂ ಬಂದ್ಳು. ಆಯಮ್ಮನ ಹೆಸ್ರೇ ಮಡಗ್ಬುಡಾನ. ಏನಮ್ಮಿ ಅದು, ನೀನು ಯಾವಾಗ್ಲೂ ಅಂತಿರ್ತೀಯಲ್ಲ?” ಎಂದು ನನ್ನನ್ನೇ ಕೇಳಿದ.

ನನ್ನನ್ನೇ ಕೇಳಿದ! ನಾನು ಬಾಯಿ ಬಿಡಲಿಲ್ಲ. ಆದರೇನು, ಜಗುಲಿಯ ಮೇಲೆ ನನ್ನ ನೋಟ್‌ಬುಕ್ಕು ಬಿದ್ದಿತ್ತು. ಚಿಕ್ಕಪ್ಪ ಅದರ ಮೇಲಿದ್ದ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿ, ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿಗಿಟ್ಟುಕೊಂಡ. ಅವತ್ತು ನಾನು ಉಣ್ಣಲಿಲ್ಲ. ಹೊಟ್ಟೆನೋವು ಎಂದು ತಿಳಿದು ಅವ್ವ ಓಮಿನ ಕಷಾಯ ಕುಡಿಸಿದಳು. ಹೊಟ್ಟೆಯಲ್ಲಿದ್ದ ಉರಿಗೆ ಓಮು ಏನು ಮಾಡೀತು?

ಈಗ ನಮ್ಮ ಕಡೆಯ ಒಂದು ಶಾಸ್ತ್ರ ನಿಮಗೆ ಹೇಳಬೇಕು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ, ಅಂದರೆ ಮಗುವಿನ ತಂದೆಯ ಅಕ್ಕನೋ ತಂಗಿಯೋ, ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಮಿಕ್ಕವರು ಕೂಗುವುದೆಲ್ಲ ಆಮೇಲೆ. ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಒಡಹುಟ್ಟಿದ ಹೆಣ್ಣಿಲ್ಲ. ಗುಡೇಮಾರನಹಳ್ಳಿಯ ಆ ಮನೆಯಲ್ಲಿ, ತೊಟ್ಟಿಲು ಹೂವು ಮುಡಿದು ಸಿದ್ಧವಾದ ಮೇಲೆ, ಈ ಪ್ರಶ್ನೆ ಎದ್ದಿತು. ಅಜ್ಜಿ ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು. “ಇವ್ಳೇ ಅಲ್ವಾ ನಮ್ಮನೆ ಹೆಣ್ಮಗ್ಳು? ಬಾಮ್ಮಿ ಇಲ್ಲಿ, ನೀನೇ ಹೇಳು. ಮೂರ್ ಸಲ. ಕಿವಿಗೆ ಹೇಳಿದ್ದೇ ಹೆಸ್ರು ಕಣಮ್ಮಿ, ಮಿಕ್ಕಿದ್ದೆಲ್ಲ ಸುಮ್ಕೆ ಕೂಗಾಕೆ.”

ಅಜ್ಜಿ ಆ ಕೊನೆಯ ಮಾತನ್ನು ಹೇಳದೆ ಇದ್ದಿದ್ದರೆ ನಾನು ಒಳ್ಳೆಯ ಹುಡುಗಿಯಾಗಿಯೇ ಉಳಿಯುತ್ತಿದ್ದೆನೇನೋ. ಹೊಸ ಲಂಗ ಎತ್ತಿ ಹಿಡಿದು ತೊಟ್ಟಿಲ ಬಳಿ ಹೋದೆ. ಕೂಸು ಕೆಂಪಗೆ, ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಹಾಲಿನ ವಾಸನೆ, ಬಜೆಯ ವಾಸನೆ. ನಾನು ಬಗ್ಗಿ, ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು, ಅದರ ಪುಟ್ಟ ಕಿವಿಯಲ್ಲಿ ಸ್ಪಷ್ಟವಾಗಿ ಮೂರು ಸಲ ಹೇಳಿದೆ: “ಸೌಮ್ಯ. ಸೌಮ್ಯ. ಸೌಮ್ಯ.”

ಹೌದು, ನನ್ನ ಹೆಸರು ಅದಕ್ಕೆ ಕೊಟ್ಟುಬಿಟ್ಟೆ. ಇನ್ನು ಮಯುಮಿ ನನ್ನದು. ಹೆಂಗಸರು ಸೋಬಾನೆ ಶುರು ಮಾಡಿದರು, ಚಿಕ್ಕಪ್ಪ ಜೇಬಿನ ಚೀಟಿ ನೋಡಿ “ಮಯುಮಿ!” ಎಂದು ಕೂಗಿದ, ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ನಾನು ಮೂಲೆಯಲ್ಲಿ ನಿಂತು, ಕೂಗಿಕೊಳ್ಳಲಿ ಬಿಡು ಅಂದುಕೊಂಡೆ. ಇಷ್ಟು ನಿಶ್ಚಿಂತೆಯಿಂದ ನಾನು ಆಮೇಲೆ ಯಾವತ್ತೂ ಒಬ್ಬಟ್ಟು ತಿಂದಿಲ್ಲ.

ಆದರೆ ಕದ್ದ ಹೆಸರಿನಲ್ಲಿ ಒಂದು ಕಷ್ಟವಿದೆ. ಅದರಿಂದ ನಮ್ಮನ್ನು ಯಾರೂ ಕರೆಯುವುದಿಲ್ಲ. ಮಯುಮಿ ಎಂದು ಯಾರಾದರೂ ಕೂಗಿದರೆ ನನ್ನ ಮೈ ಝುಂ ಅನ್ನುತ್ತಿತ್ತು. ತಿರುಗಿ ನೋಡಿದರೆ ಅಂಬೆಗಾಲಿಕ್ಕಿಕೊಂಡು ಅವಳು ಹೋಗುತ್ತಿದ್ದಳು. ಅದೂ ಹೇಗೆ ಕೂಗುತ್ತಿದ್ದರು! ಅಜ್ಜಿಗೆ ಅವಳು ‘ಮಾಯಮ್ಮಿ’. ಚುಚ್ಚುಮದ್ದು ಹಾಕಲು ಬಂದ ನರ್ಸಮ್ಮನ ಕಾರ್ಡಿನಲ್ಲಿ ‘ಮಯೂರಿ’. ಪಕ್ಕದ ಮನೆಯವರು ‘ಮಮ್ಮಿ’ ಎಂದೇ ಕರೆದುಬಿಟ್ಟು, ಎರಡು ವರ್ಷದ ಕೂಸಿಗೆ ಇಡೀ ಬೀದಿಯೇ ಮಕ್ಕಳಾಯಿತು. ನನಗೆ ರೇಗುತ್ತಿತ್ತು. “ಮ, ಯು, ಮಿ. ಮೂರೂ ಗಿಡ್ಡಕ್ಷರ. ಎಲ್ಲೂ ಎಳೀಬಾರ್ದು” ಎಂದು ತಿದ್ದುತ್ತಿದ್ದೆ. “ತಂಗಿ ಮ್ಯಾಲೆ ಎಷ್ಟು ಪ್ರೀತಿ ನೋಡು!” ಎನ್ನುತ್ತಿದ್ದಳು ಚಿಕ್ಕವ್ವ. ನನ್ನ ಸ್ವತ್ತನ್ನು ಸೊಟ್ಟ ಮಾಡುತ್ತಿದ್ದಾರಲ್ಲ ಎಂಬ ಸಂಕಟ ಅದು, ಪ್ರೀತಿಯಲ್ಲ.

ಅರ್ಥ ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಚಿಕ್ಕಪ್ಪ ಒಂದೊಂದು ಸಲ ಒಂದೊಂದು ಹೇಳುತ್ತಿದ್ದ. ಒಬ್ಬರಿಗೆ ಅದು ಜಪಾನಿನ ದೇವರು, ಇನ್ನೊಬ್ಬರಿಗೆ ಅಲ್ಲಿನ ರಾಣಿ. ಅವನು ಹೇಳುತ್ತಿದ್ದಾಗಲೆಲ್ಲ ನಾನು ಒಳಗೆ ಹೋಗಿ, ನನ್ನ ಜಾಮಿಟ್ರಿ ಬಾಕ್ಸು ತೆಗೆದು, ಆಯಮ್ಮ ಕೊಟ್ಟ ಗೂಡನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದೆ. ಒಳಗಿನ ಒಣಗಿದ ಹುಳು ಲೊಟಲೊಟ ಅನ್ನುತ್ತಿತ್ತು. ಹೆಸರನ್ನು ಅವರು ಕೂಗಿಕೊಳ್ಳಲಿ, ಅರ್ಥ ನನ್ನ ಡಬ್ಬಿಯಲ್ಲಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಸಮಾಧಾನ ನಿಲ್ಲುತ್ತಿರಲಿಲ್ಲ. ಒಂದು ಶನಿವಾರ ಎಲ್ಲರೂ ಕೆಂಗಲ್ ಆಂಜನೇಯನ ಗುಡಿಗೆ ಹೋಗಿದ್ದೆವು. ಅರ್ಚನೆಗೆ ಹೆಸರು ಕೇಳಿದರು. “ಸೌಮ್ಯ” ಎಂದೆ. ಅರ್ಚಕರು ನನ್ನ ಕಡೆ ನೋಡದೆಯೇ ಮಂತ್ರದ ಜೊತೆ ಅದನ್ನೂ ನುಂಗಿಬಿಟ್ಟರು. “ಮಯುಮಿ” ಎಂದಳು ನಾಲ್ಕು ವರ್ಷದ ಆ ಹುಡುಗಿ. ಅರ್ಚಕರ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು. “ಏನಮ್ಮಾ ಅದು? ಇನ್ನೊಂದು ಸಲ ಹೇಳು ಪುಟ್ಟಿ!” ಚಿಕ್ಕಪ್ಪ ಜೀಪಿನಿಂದ ಶುರು ಮಾಡಿ ಇಡೀ ಕಥೆ ಹೇಳಿದ. ಹಿಂದಿನ ಸಾಲಿನವರೂ ಕತ್ತು ಚಾಚಿ ಕೇಳಿದರು. ಕಥೆಯಲ್ಲಿ ಛತ್ರಿಯೂ ಇರಲಿಲ್ಲ, ಗೊಬ್ಬರದ ಗುಂಡಿಯೂ ಇರಲಿಲ್ಲ. ಅವಳಿಗೆ ಸ್ವಾಮಿಯ ಮೇಲಿನ ತುಳಸಿ ಹಾರವೇ ಸಿಕ್ಕಿತು, ನನಗೆ ಎಲ್ಲರಿಗೂ ಸಿಗುವ ಎರಡು ಎಸಳು. ಹನುಮಂತನ ಎದುರಿಗೇ ನಿಂತು ನಾನು ಮನಸ್ಸಿನಲ್ಲಿ ಹೇಳಿಕೊಂಡೆ: ಸ್ವಾಮಿ, ನಿನಗೆ ಗೊತ್ತಲ್ಲ, ಅವಳೇ ಸೌಮ್ಯ.

ಇನ್ನೊಂದು ಕಡೆ ಭಯವೂ ಇತ್ತು. ಅವಳಿಗೆ ಜ್ವರ ಬಂದರೆ, ತಪ್ಪು ಹೆಸರು ಹೇಳಿದ್ದರಿಂದಲೇ ಬಂತು ಅನ್ನಿಸುತ್ತಿತ್ತು. ಜ್ವರ ಬಿಟ್ಟು ಎದ್ದು ಕೂತು, ಎಲ್ಲರೂ ಅವಳ ಸುತ್ತ ಸೇರಿದ ಕೂಡಲೇ ಭಯ ಹೋಗಿ ಉರಿ ವಾಪಸು ಬರುತ್ತಿತ್ತು.

ಪಿಯುಸಿ ಮುಗಿದ ಮೇಲೆ ಕಾರ್ಖಾನೆಗೆ ಸೇರಿದೆ ಎಂದೆನಲ್ಲ. ಆಗ ನಮ್ಮ ಸುತ್ತಿನ ಊರುಗಳಿಂದ ನನ್ನಂಥ ಹುಡುಗಿಯರು ಬೆಳಗಾಗುವುದರೊಳಗೆ ತಲೆ ಬಾಚಿಕೊಂಡು ಕಂಪನಿ ಬಸ್ಸಿಗೆ ಕಾಯುತ್ತಿದ್ದರು. ಎರಡನೆಯ ದಿನವೋ ಮೂರನೆಯ ದಿನವೋ ಜಪಾನಿನಿಂದ ಬಂದಿದ್ದ ದೊಡ್ಡ ಸಾಹೇಬರು ಹೊಸಬರನ್ನು ಮಾತಾಡಿಸುತ್ತಾ ಬಂದರು. ನನ್ನ ಮುಂದೆ ನಿಂತು ತಲೆಬಾಗಿ ಹೆಸರು ಕೇಳಿದರು. ಏನಾಯಿತೋ ಕಾಣೆ, ನನ್ನ ಬಾಯಿಂದ “ಮಯುಮಿ” ಎಂದು ಬಂದುಬಿಟ್ಟಿತು. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಆಮೇಲೆ ಅವರ ಕಣ್ಣು ನನ್ನ ಎದೆಯ ಮೇಲಿದ್ದ ‘ಸೌಮ್ಯ 4’ಕ್ಕೆ ಇಳಿಯಿತು. ಮತ್ತೆ ನನ್ನ ಮುಖ ನೋಡಿದರು. ಒಂದು, ಎರಡು, ಮೂರನೆಯ ಸೌಮ್ಯರು ತಂತಿಗಳ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಸಾಹೇಬರು ಮರ್ಯಾದಸ್ಥರು, ಇನ್ನೊಂದು ಸಲ ತಲೆಬಾಗಿ ಮುಂದೆ ಹೋದರು. ನನ್ನ ಕಿವಿ ಮಧ್ಯಾಹ್ನದವರೆಗೂ ಬಿಸಿಯಾಗಿಯೇ ಇತ್ತು.

ಆ ಭಾನುವಾರ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಎಂಟು ವರ್ಷದ ಮಯುಮಿ ನನ್ನ ಬ್ಯಾಡ್ಜನ್ನು ಫ್ರಾಕಿಗೆ ಚುಚ್ಚಿಕೊಂಡು ಬಂದು ಎದುರಿಗೆ ಕುಳಿತಳು. ಅತ್ತು ಕಣ್ಣು ಊದಿತ್ತು.

“ಅಕ್ಕ, ನಂಗೆ ಹೆಸ್ರು ಬದ್ಲಾಯಿಸ್ತಾರಂತೆ.”

“ಯಾಕಮ್ಮಿ?”

“ನಾನೇ ಕೇಳ್ದೆ. ಹೊಸ ಮೇಷ್ಟ್ರು ಎದ್ದು ನಿಲ್ಸಿ, ನಿನ್ ಹೆಸ್ರಿನ ಅರ್ಥ ಹೇಳು ಅಂದ್ರು. ಗೊತ್ತಿಲ್ಲ ಸಾ ಅಂದೆ. ಅರ್ಥ ಇಲ್ದಿರೋ ಹೆಸ್ರು ಅಂತ ಎಲ್ರೂ ನಗಾಡ್ತಾರೆ. ಅಪ್ಪ ನಾಳೆ ಸ್ಕೂಲಿಗೆ ಬಂದು ಮಹಾಲಕ್ಷ್ಮಿ ಅಂತ ಬರೆಸ್ತೀನಿ ಅಂತು.”

ನಾನು ಕುಣಿಯಬೇಕಿತ್ತು. ಎಂಟು ವರ್ಷ ಬಯಸಿದ್ದು ಕೂತಲ್ಲಿಗೇ ಬಂದಿತ್ತು. ಅವಳು ಮಹಾಲಕ್ಷ್ಮಿಯಾಗಿಬಿಟ್ಟರೆ ಆ ಹೆಸರು ಅವಳದಲ್ಲ. ಹಾಗೆಂದು ನನ್ನದೂ ಆಗುತ್ತದೆಯೇ? ಯಾರು ಕರೆಯುತ್ತಾರೆ ನನ್ನನ್ನು ಹಾಗೆ? ಅಜ್ಜಿಯ ‘ಮಾಯಮ್ಮಿ’ಯೂ ಇರುವುದಿಲ್ಲ, ಬೀದಿಯವರ ‘ಮಮ್ಮಿ’ಯೂ ಇರುವುದಿಲ್ಲ. ನಮ್ಮ ಹೊಸಿಲಿಗೆ ತಲೆಬಾಗಿದ ಆಯಮ್ಮನ ಹೆಸರು ನಮ್ಮ ಮನೆಯಿಂದ ಹೋಗೇಬಿಡುತ್ತದೆ, ನನ್ನ ಡಬ್ಬಿಯಲ್ಲಿ ಒಂದು ಸತ್ತ ಹುಳು ಉಳಿಯುತ್ತದೆ. ನನಗೆ ನಿಜವಾಗಿಯೂ ಗಾಬರಿಯಾಯಿತು.

ಒಳಗೆ ಹೋಗಿ ಜಾಮಿಟ್ರಿ ಬಾಕ್ಸು ತಂದೆ. ಗೂಡನ್ನು ಅವಳ ಕೈಯಲ್ಲಿಟ್ಟೆ. ಛತ್ರಿ, ಟೋಪಿ, ಗೊಬ್ಬರದ ಗುಂಡಿ ಒಂದನ್ನೂ ಬಿಡದೆ ಹೇಳಿದೆ. “ಚೆಂದದ ಗೂಡು ಅಂತ ಕಣೆ ನಿನ್ ಹೆಸ್ರು. ನಂಗೆ ಮೊದ್ಲಿಂದ್ಲೂ ಗೊತ್ತಿತ್ತು. ಹೊಟ್ಟೆಉರಿಗೆ ಹೇಳ್ಲಿಲ್ಲ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಬಾಯಿ ಬಿಟ್ಟ ಮೇಲೆ ತೊಟ್ಟಿಲಿನ ವಿಷಯವೂ ಬಂದೇಬಿಟ್ಟಿತು. ಕಿವಿಗೆ ಹೇಳಿದ್ದೇ ನಿಜವಾದ ಹೆಸರು ಎಂದು ಅಜ್ಜಿ ಅಂದಿದ್ದನ್ನೂ, ನಾನು ಮೂರು ಸಲ ಏನು ಹೇಳಿದೆ ಎಂಬುದನ್ನೂ ಹೇಳಿದೆ. ಅವಳು ರಂಪ ಮಾಡುತ್ತಾಳೆ, ಚಿಕ್ಕವ್ವನನ್ನು ಕೂಗುತ್ತಾಳೆ ಎಂದು ಕಾಯುತ್ತಾ ತಲೆ ತಗ್ಗಿಸಿ ಕೂತೆ.

ಅವಳು ಫ್ರಾಕಿನ ಮೇಲಿದ್ದ ಬ್ಯಾಡ್ಜನ್ನು ಮುಟ್ಟಿ ನೋಡಿಕೊಂಡಳು. “ಅಂಗಾರೆ ನಾನು ಸೌಮ್ಯ ಐದಾ?”

ಅವಳ ಕಣ್ಣಲ್ಲಿ ಹೊಳಪು! “ನಮ್ ಕ್ಲಾಸಲ್ಲೂ ಒಬ್ಳು ಸೌಮ್ಯ ಅವ್ಳೆ ಕಣಕ್ಕ. ಅವ್ಳನ್ನ ಯಾರೂ ಏನೂ ಕೇಳಲ್ಲ. ನಿಂಗಾದ್ರೆ ಕಂಪ್ನಿ ತುಂಬ ಜೊತೆಗಿದಾರೆ. ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?”

ಈ ನಾಲ್ಕನೇ ನಂಬರಿನ ಹೆಸರಿನ ಮೇಲೂ ಒಬ್ಬಳಿಗೆ ಆಸೆಯಿತ್ತೆಂದರೆ! ಅವಳು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಕೇಳಿದಳು. ಆಮೇಲೆ ಕಿವಿಯನ್ನೇ ನನ್ನ ಬಾಯಿಯ ಹತ್ತಿರ ತಂದಳು. “ಈಗ ಸರಿಯಾಗಿ ಹೇಳು. ಅದೂ ಇರ್ಲಿ, ಇದೂ ಇರ್ಲಿ. ಮಹಾಲಕ್ಷ್ಮಿ ಬ್ಯಾಡ ಅಂತ ಅಪ್ಪಂಗೆ ನಾನೇ ಹೇಳ್ತೀನಿ.”

ಹೇಳಿದೆ. ಮೂರು ಸಲ, ಮೂರೂ ಗಿಡ್ಡಕ್ಷರ, ಎಲ್ಲೂ ಎಳೆಯದೆ. ಅಲ್ಲಿಗೆ ಎರಡೂ ಹೆಸರು ಅವಳದಾಯಿತು. ನನಗೆ ಮತ್ತೆ ಸಣ್ಣಗೆ ಉರಿ ಶುರುವಾಯಿತು. ಅದು ಮುಖದಲ್ಲಿ ಕಂಡಿತೇನೋ, ಅವಳು ನನ್ನನ್ನೇ ನೋಡಿ, “ನಿಂಗೂ ಬೇಕಾ ಅಕ್ಕ?” ಅಂದಳು. ಹದಿನೆಂಟು ತುಂಬಿದ, ಸಂಬಳ ತರುವ ಹೆಣ್ಣು ನಾನು. ನಾಚಿಕೆ ಬಿಟ್ಟು “ಹ್ಞೂಂ” ಅಂದೆ.

ಅವಳು ಎದ್ದು ನಿಂತು, ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು, ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು ನನ್ನ ಕಿವಿಯಲ್ಲಿ ಹೇಳಿದಳು: “ಮಯುಮಿ.” ಬಿಸಿ ಉಸಿರು. ಇನ್ನೊಂದು ಸಲ: “ಮಯುಮಿ.” ನಾನು ಕಣ್ಣು ಮುಚ್ಚಿಕೊಂಡು ಕಾದೆ. ಮೂರನೆಯದು ಬರಲಿಲ್ಲ. ಕಣ್ಣು ಬಿಟ್ಟರೆ ಅವಳು ಗೂಡನ್ನು ಮುಷ್ಟಿಯಲ್ಲಿ ಹಿಡಿದು ಹಿತ್ತಲ ಬಾಗಿಲು ದಾಟುತ್ತಿದ್ದಳು.

“ಏ, ಇನ್ನೊಂದ್ಸಲ!”

“ಮೂರ್ನೇದೂ ಹೇಳ್ಬುಟ್ರೆ ಪೂರ್ತಿ ನಿಂದೇ ಆಗೋಯ್ತದೆ. ನಾ ಹೇಳಲ್ಲಪ್ಪ!”

ಈಗ ಅವಳಿಗೂ ಸಂಸಾರವಿದೆ. ಮೊನ್ನೆ ಬ್ಯಾಡ್ಜು ಸಿಕ್ಕ ಕೂಡಲೇ ಫೋನು ಮಾಡಿ ಹೇಳಿದೆ. ನಕ್ಕಳು. ಅವಳು ಅದೂ ಇದೂ ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ. “ಇಡ್ಲಾ ಅಕ್ಕ?” ಅಂದಳು. ಬಾಕಿ ಉಳಿದಿದ್ದ ಆ ಮೂರನೆಯದು ಈಗಲಾದರೂ ಬಂದೀತೇ ಎಂದು ನಾನು ಕಾದೆ. ಆಮೇಲೆ ಆ ಹೊಟ್ಟೆಕಿಚ್ಚಿನ ಹುಡುಗಿ, ಕಿವಿಯಲ್ಲಿ ಮೆಲ್ಲಗೆ, “ಸೌಮ್ಯ” ಅಂದು ಫೋನಿಟ್ಟಳು.